ಎರಡು ಅಡಿ ದೂರದಿಂದ ಇಂಡಕ್ಷನ್ ಒಲೆಯವರಿಗೆ

ಊಟದ ಮೇಜಿನ ಬದಿಯಿಂದ,
ಕ್ರೋಯ್ಡನ್

ಮಾನ್ಯ ಇಂಡಕ್ಷನ್ ಒಲೆಯವರೇ,

ಬೆಂಕಿಯಿಲ್ಲದೆ ಬೇಯಿಸುವ, ಹೊಗೆಯಿಲ್ಲದೆ ಬೀಗುವ ತಮಗೆ ಈ ಮನೆಯ ಮಾಜಿ ಅಡುಗೆಯವಳಾದ ವೈದೇಹಿ ಮಾಡುವ ಅನಂತ ನಮಸ್ಕಾರಗಳು. ಒಂದೇ ಸೂರಿನಡಿ ಇದ್ದೂ ತಮ್ಮ ಸನ್ನಿಧಿಗೆ ಬರುವ ಭಾಗ್ಯ ನನಗಿಲ್ಲವಾದ್ದರಿಂದ ಈ ಅಹವಾಲನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ. ಫ್ರಿಜ್, ಮಿಕ್ಸಿ ಮುಂತಾದ ತಮ್ಮ ಸಹೋದ್ಯೋಗಿಗಳೂ ಓದಿಕೊಳ್ಳಬಹುದು. ಅವರ ಮೇಲೆ ನನ್ನ ದೂರೇನಿಲ್ಲ.

ತಾವು ಈ ಮನೆಗೆ ದಯಮಾಡಿಸಿದ ಸಂದರ್ಭವನ್ನು ಮೊದಲು ನೆನೆಯುತ್ತೇನೆ. ಕಳೆದ ಚಳಿಗಾಲದಲ್ಲಿ ಗ್ಯಾಸ್ ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದಾಗ ನನ್ನ ಹೃದಯ ಯಾರಿಗೂ ಹೇಳದೆ ಕೇಳದೆ ಅರೆಗಳಿಗೆ ರಜೆ ಹಾಕಿತು, ನಾನು ನೆಲಕ್ಕೆ ಬಿದ್ದೆ, ಒಲೆ ಮಾತ್ರ ಉರಿಯುತ್ತಲೇ ಇತ್ತು. ಹೃದಯದ ಮೇಲಿನ ಕೋಣೆಯ ಸಂದೇಶ ಕೆಳಗಿನ ಕೋಣೆಗೆ ಸರಿಯಾಗಿ ತಲುಪುತ್ತಿಲ್ಲವೆಂದು ಹೇಳಿದ ಡಾಕ್ಟರುಗಳು, ಅದು ಬಡಿಯಲು ಮರೆತಾಗಲೆಲ್ಲ ತಿವಿದು ನೆನಪಿಸಲು ಹೆಗಲಿನ ಕೆಳಗೆ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಕೂರಿಸಿದರು. ಈಗ ಈ ಮನೆಯಲ್ಲಿ ಒಮ್ಮೆ ನೆನಪಿಸಿದ ಕೂಡಲೇ ಕೆಲಸ ಮಾಡುವ ಏಕೈಕ ಸದಸ್ಯ ನನ್ನ ಹೃದಯ.

ನಾನು ವಾರ್ಡಿನಲ್ಲಿ ಮಲಗಿದ್ದಾಗ ಇಲ್ಲಿ ಇಬ್ಬರು ಮೇಧಾವಿಗಳ ಸಭೆ ಸೇರಿತು. ಒಬ್ಬರು, ಇಲ್ಲಿನ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುತ್ತಿದ್ದು ನಿವೃತ್ತರಾದ ಡಾಕ್ಟರ್ ನರಸಿಂಹಮೂರ್ತಿ, ಅಂದರೆ ನನ್ನ ಯಜಮಾನರು. ಇನ್ನೊಬ್ಬ ನಮ್ಮ ಮಗ ಅನಿರುದ್ಧ, ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಮುಂದೆ ಬರಬಹುದಾದ ಅಪಾಯಗಳನ್ನು ಊಹಿಸಿ ಸಂಬಳ ಪಡೆಯುವವನು. ಅಮ್ಮ ಮತ್ತೆ ಬಿದ್ದರೆ ಬೆಂಕಿ ಹತ್ತಬಾರದೆಂದು ಗ್ಯಾಸ್ ಪೈಪನ್ನೇ ಮುಚ್ಚಿಸಿ, ತಮ್ಮನ್ನು ಬರಮಾಡಿಕೊಂಡು, ನನಗೆ ಸರ್‌ಪ್ರೈಸ್ ಕೊಟ್ಟರು. ಪೇಸ್‌ಮೇಕರಿನ ಜೊತೆ ಆಸ್ಪತ್ರೆಯವರು ಕೊಟ್ಟ ಕೈಪಿಡಿಯನ್ನು ಸೋಫಾದ ಮೇಲೆ ಕೂತು ಓದಿದವಳು ನಾನೊಬ್ಬಳೇ: ಚಾಲೂ ಇರುವ ಇಂಡಕ್ಷನ್ ಒಲೆಗೂ ಯಂತ್ರಕ್ಕೂ ನಡುವೆ ಕನಿಷ್ಠ ಎರಡು ಅಡಿ ಅಂತರವಿರಲಿ. ನನ್ನ ಕ್ಷೇಮಕ್ಕೆಂದೇ ಈ ಮನೆಗೆ ಬಂದವರು ತಾವೊಬ್ಬರೇ, ನಾನು ದೂರವಿರಬೇಕಾದವರೂ ತಾವೊಬ್ಬರೇ.

ಮರುದಿನವೇ ಅಡುಗೆಮನೆಯ ಹೊಸ್ತಿಲಿಗೆ ಹಳದಿ ಟೇಪು ಬಿತ್ತು. ಮೈಸೂರಿನಲ್ಲಿ ನಮ್ಮತ್ತೆ ಗಿರಿಜಾದೇವಿಯವರು ಮಡಿಯುಟ್ಟು ಒಲೆ ಹಚ್ಚಿದರೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಅದರಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಬಂದೆನೆಂದು ಬೀಗುತ್ತಿದ್ದ ನನ್ನನ್ನು ತಾವು ಹುಡುಕಿಕೊಂಡು ಬಂದಿರಿ. ಅತ್ತೆಯವರ ಮಡಿ ಊಟವಾದ ಮೇಲೆ ಮುಗಿಯುತ್ತಿತ್ತು, ತಮ್ಮದು ಪೇಸ್‌ಮೇಕರಿನ ಬ್ಯಾಟರಿ ಮುಗಿದರೂ ಮುಗಿಯುವುದಿಲ್ಲ.

ತಮ್ಮ ಆಯ್ಕೆಯ ಗಾಂಭೀರ್ಯವನ್ನೂ ಹೊಗಳಲೇಬೇಕು. ಯಾವ ಪಾತ್ರೆ ತಮಗೆ ಒಪ್ಪಿಗೆಯೆಂದು ತಿಳಿಯಲು ಅನಿರುದ್ಧ, ಅಯಸ್ಕಾಂತವೂ ನನಗಾಗದೆಂದು ನನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಫ್ರಿಜ್ಜಿನ ಬಾಗಿಲಿನ ಬೊಂಬೆಯೊಂದನ್ನು ಪ್ರತಿ ಪಾತ್ರೆಯ ತಳಕ್ಕೂ ಅಂಟಿಸಿ ಪರೀಕ್ಷೆ ನಡೆಸಿದ. ಮೂರು ತಲೆಮಾರಿಗೆ ಸಾರು ಕುದಿಸಿಕೊಟ್ಟ ನನ್ನ ಈಯದ ಪಾತ್ರೆ ನಪಾಸಾಯಿತು. ಈಗ ಅದರಲ್ಲಿ ಪೆನ್ನುಗಳಿವೆ.

ಈ ನಡುವೆ ತಮ್ಮ ಪಟ್ಟದ ಅರ್ಚಕರಾದ ನನ್ನ ಯಜಮಾನರು ಸಾಸಿವೆಯನ್ನು ಆಪರೇಷನ್ ಟೇಬಲ್ಲಿನ ರೋಗಿಯನ್ನು ನೋಡುವಂತೆ ನೋಡುತ್ತ ನಿಲ್ಲುತ್ತಿದ್ದರು. ನಾನು ಇಲ್ಲಿಂದ "ರೀ, ಇಂಗು ಹಾಕ್ರೀ" ಎಂದು ಕೂಗಿದರೆ "ಎಷ್ಟು ಮಿಲಿಗ್ರಾಂ?" ಎಂಬ ಉತ್ತರ ಬರುತ್ತಿತ್ತು. ಹುಣಸೆಹಣ್ಣನ್ನು ದೂರದಿಂದ ತೋರಿಸಿ ಇಳಿಸಿದಂಥ ಆ ಸಾರನ್ನು ಉಂಡು ಅನಿರುದ್ಧ ಒಂದು ದಿನ "ಅಮ್ಮಾ, ಅಪ್ಪನ ಸಾರು ನಾಟ್ ಬ್ಯಾಡ್ ಅಲ್ವಾ?" ಎಂದ. ನಾನು ನಕ್ಕೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಬಿದ್ದ ದಿನವೂ ನನಗೆ ಅಷ್ಟು ಭಯವಾಗಿರಲಿಲ್ಲ. ನಾನಿಲ್ಲದೆಯೂ ಈ ಮನೆ ನಡೆದುಬಿಡುತ್ತದಲ್ಲ ಎಂದು ಅವತ್ತು ನಿಜವಾಗಿ ಭಯವಾಯಿತು.

ಹೋದ ವಾರ ಪೇಸ್‌ಮೇಕರ್ ತಪಾಸಣೆಗೆ ಹೋದಾಗ ಅಲ್ಲಿನ ಹುಡುಗಿ ಗಾರ್ಗಿಗೆ ತಮ್ಮ ಮಹಿಮೆಯನ್ನೆಲ್ಲ ವಿವರಿಸಿದೆ. ಧಾರವಾಡದವರ ಮಗಳು, ನಕ್ಕಳು. "ಆಂಟೀ, ಆ ಎರಡು ಫೂಟು ಪೇಸ್‌ಮೇಕರ್‌ಗೆ ರೀ, ನಿಮ್ಮ ಕೈಗೆ ಅಲ್ರೀ. ಒಲಿ ಮ್ಯಾಲೆ ಬಗ್ಗಬ್ಯಾಡ್ರಿ, ಕೈ ಚಾಚಿ ಆರಾಮಾಗಿ ತಿರುವ್ರಿ. ಹೊಸ್ತಿಲಕ್ಕ ಟೇಪು ಯಾರು ಹಚ್ಯಾರ್ರೀ?" ಎಂದಳು. ನನ್ನ ಯಜಮಾನರು ಅಷ್ಟರಲ್ಲಿ ಗೋಡೆಯ ಮೇಲಿನ ಕೈತೊಳೆಯುವ ವಿಧಾನವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ್ದರು.

ಟೇಪು ಅಂಟಿಸಿದ ಅವರಿಗೆ, ಆ ಎರಡು ಅಡಿ ಕೈಗಲ್ಲವೆಂದು ಆಗಲೇ ಗೊತ್ತಿತ್ತು. ವಾಪಸು ಬರುವಾಗ ಟ್ರಾಮಿನಲ್ಲಿ ನಾನು ದೊಡ್ಡ ಜಗಳಕ್ಕೇ ಸಿದ್ಧಳಾಗಿ ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ "ಅವತ್ತು ಎಷ್ಟು ಕರೆದ್ರೂ ನೀನು ಏಳ್ಲಿಲ್ಲ ಕಣೇ" ಎಂದರು, ಅಷ್ಟೇ. ಇಡೀ ಜೀವಮಾನ ಜನರನ್ನು ಮಲಗಿಸಿ ಹೆಸರು ಹಿಡಿದು ಎಬ್ಬಿಸಿದ ಮನುಷ್ಯ. ಮನೆಗೆ ಬಂದು ಹೊಸ್ತಿಲಿನ ಟೇಪನ್ನು ನಾನೇ ಕಿತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು: ಸಾರು ಕುದಿಯುವ ಹೊತ್ತಿಗೆ ತಮ್ಮ ಅಯಸ್ಕಾಂತ ಶಕ್ತಿಯನ್ನು ಕೆಳಗಿನ ಪಾರ್ಕಿಗೆ ವಾಯುವಿಹಾರಕ್ಕೆ ಕಳಿಸಿಕೊಡಬೇಕು, ಮತ್ತು ನನ್ನ ಈಯದ ಪಾತ್ರೆಗೆ ಅಲ್ಪಾವಧಿಯದಾದರೂ ಒಂದು ವೀಸಾ ಮಂಜೂರು ಮಾಡಬೇಕು. ಅಲ್ಲಿಯವರೆಗೆ, ಟೂಟಿಂಗ್‌ನ ಅಂಗಡಿಯಿಂದ ತಂದ ಮದುವೆಮನೆಯ ಉದ್ದ ಸೌಟು ಹಿಡಿದು, ಹೋಮಕ್ಕೆ ತುಪ್ಪ ಹಾಕುವವಳಂತೆ ದೂರ ನಿಂತು ತಮ್ಮ ಸೇವೆ ಮಾಡುತ್ತಿದ್ದೇನೆ. ನಾನು ಮುಂದಕ್ಕೆ ಬಗ್ಗದಂತೆ ಯಜಮಾನರು ಹಿಂದಿನಿಂದ ನನ್ನ ಕಾರ್ಡಿಗನ್ ಹಿಡಿದುಕೊಂಡಿರುತ್ತಾರೆ. ಸಾರಿಗೆ ಮೊದಲಿನ ರುಚಿ ಬಂದಿದೆ.

ಇಂತಿ, ಸದಾ ಎರಡು ಅಡಿ ಆಚೆಯಿಂದ,
ತಮ್ಮ ವಿಶ್ವಾಸಿ,
ವೈದೇಹಿ ನರಸಿಂಹಮೂರ್ತಿ

ತಾ.ಕ.: ತಾವು ಆರಿರುವಾಗ ನಾನು ಧಾರಾಳವಾಗಿ ಹತ್ತಿರ ಬರಬಹುದೆಂದೂ ಗಾರ್ಗಿ ಹೇಳಿದಳು. ಅಂದರೆ ಅಡುಗೆ ಮಾಡಿದರೆ ಅಪಾಯ, ಉಕ್ಕಿದ್ದನ್ನು ಉಜ್ಜಿದರೆ ಇಲ್ಲ. ಇಷ್ಟು ಮುಂದುವರಿದ ವಿಜ್ಞಾನವೂ ಕೊನೆಗೆ ಹೆಂಗಸಿನ ಕೈಗೆ ಒರೆಸುವ ಬಟ್ಟೆಯನ್ನೇ ಕೊಟ್ಟಿತಲ್ಲ ಎಂದುಕೊಂಡು ನಿನ್ನೆ ಬಟ್ಟೆ ಹಿಡಿದು ಬಂದರೆ, ತಾವು ನಿಜಕ್ಕೂ ಆರಿದ್ದೀರೆಂಬುದಕ್ಕೆ ಏನು ಗ್ಯಾರಂಟಿ ಎಂದು ಡಾಕ್ಟರ್ ಸಾಹೇಬರು ಅದನ್ನು ಕಿತ್ತುಕೊಂಡು, ಮೊಣಕೈವರೆಗೆ ತೋಳು ಮಡಚಿ, ಅವರೇ ಉಜ್ಜತೊಡಗಿದರು. ದಯವಿಟ್ಟು ಈ ಒಂದು ವಿಷಯದಲ್ಲಿ ಅವರ ಅನುಮಾನವನ್ನು ಎಂದೆಂದಿಗೂ ಪರಿಹರಿಸಬೇಡಿ.