ಪ್ರಶ್ನೆ ಕೇಳಿ ಸುಮ್ಮನೆ ಕೂರುವ ಶಿಕ್ಷಕಿಯ ಬಗ್ಗೆ

ಸಂಖ್ಯೆ: ಪ್ರಶ್ನೆ/ಎಣಿಕೆ/ಶಿಶು/07

ವಿಷಯ: ಶಿಕ್ಷಕರ ಪ್ರಶ್ನೆಗಳಿಂದ ಪುಟ್ಟ ಮಕ್ಕಳ ವಿಮರ್ಶಾತ್ಮಕ ಯೋಚನೆ ಬೆಳೆಯುವ ಬಗೆ ಕುರಿತ ಸಂಶೋಧನೆಗೆ ಒಂದು ತರಗತಿಯಿಂದ ಉಂಟಾದ ಅಡಚಣೆ.

ಉಲ್ಲೇಖ: ಚಹಾ ಕುಡಿಯುವಾಗ ಸಂಶೋಧಕರು ಮಾಡಿದ ಮೌಖಿಕ ದೂರು.

ಪೀಠಿಕೆ:

ಕಳೆದ ವಾರ ಶಿಶುವರ್ಗದ ಶಿಕ್ಷಕಿಯು ಒಂದು ಮಾತನ್ನೂ ಆಡದೆ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಹಿಂಡಿ, ಕಿಟಕಿಯ ಸರಳಿಗೆ ಹರವಿರುತ್ತಾರೆ. ಹಲಗೆ ಒಣಗಿದ ಮೇಲೆ "ನೀರು ಎಲ್ಲಿಗೆ ಹೋಯ್ತು?" ಎಂದು ಕೇಳಿ, ಮಕ್ಕಳ ನಡುವೆ ನೆಲದ ಮೇಲೆ ಕುಳಿತುಬಿಟ್ಟಿರುತ್ತಾರೆ. ತತ್ಪರಿಣಾಮವಾಗಿ ಈ ಕೆಳಗಿನ ಮಾತುಕತೆ ನಡೆದಿರುವುದು ಇಲಾಖೆಯ ಗಮನಕ್ಕೆ ಬಂದಿದೆ:

"ಹಲಗೆ ಕುಡಿದ್ಬಿಡ್ತು ಮಿಸ್."

"ಅದಕ್ಕೆ ಬಾಯೆಲ್ಲಿದೆಯೋ ಪೆದ್ದ?"

"ಗಾಳಿ ಒಯ್ತು ಕಣೇ."

"ಹಂಗಾದ್ರೆ ಗಾಳಿ ಒದ್ದೆ ಇರ್ಬೇಕು ತಾನೆ? ಮುಟ್ಟಿ ನೋಡು."

ಇಡೀ ವರ್ಗ ಕೈಚಾಚಿ ಗಾಳಿ ಮುಟ್ಟುತ್ತಾ ನಿಂತಿದ್ದು, ಹಿಂದಿನ ಸಾಲಿನ ಪುಟಾಣಿ ಕುರ್ಚಿಯಲ್ಲಿ ಸಿಕ್ಕಿಕೊಂಡಿದ್ದ ಸಂಶೋಧಕರ ಕೈಯಲ್ಲಿದ್ದ, ಶಿಕ್ಷಕಿಯ ಪ್ರತಿ ಪ್ರಶ್ನೆಗೂ ಒತ್ತಬೇಕಾದ ಎಣಿಕೆ ಯಂತ್ರ ಒಂದೇ ಸಲ ಟಕ್ ಎಂದು, ಅವರ ಹೆಬ್ಬೆರಳು ನಿರುದ್ಯೋಗಿಯಾಯಿತು. ಪಕ್ಕದ ವರ್ಗದಲ್ಲಾದರೋ "ಅರ್ಥ ಆಯ್ತಾ? ಆಯ್ತಾ ಇಲ್ವಾ? ಯಾರದು ಹಿಂದೆ? ಬೆನ್ನು ತುರಿಸ್ತಿದೆಯಾ?" ಎಂಬ ಸಮೃದ್ಧ ಫಸಲು ದೊರೆತಿದೆ. ಆದ್ದರಿಂದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಯಂತ್ರ ಬಿಸಿಯಾಗುವಷ್ಟು ಪ್ರಶ್ನೆಗಳನ್ನು ಕೇಳತಕ್ಕದ್ದು. "ಬಾಯಿ ಮುಚ್ತೀಯೋ ಇಲ್ವೋ?" ಎಂಬುದನ್ನು ಉನ್ನತ ದರ್ಜೆಯ ಪ್ರಶ್ನೆಯೆಂದು ಪರಿಗಣಿಸಲಾಗುವುದು.

2. ಉತ್ತರಕ್ಕಾಗಿ ಕಾಯುವುದನ್ನು ಕರ್ತವ್ಯಲೋಪವೆಂದು ಭಾವಿಸಲಾಗುವುದು. ಮಗು ಬಾಯಿ ತೆರೆಯುವ ಮುನ್ನವೇ ಮುಂದಿನ ಪ್ರಶ್ನೆಯನ್ನು ಅದರೊಳಗೆ ಹಾಕತಕ್ಕದ್ದು.

3. ಮಕ್ಕಳು ಹಲಗೆಯ ಕಡೆ ಮುಖಮಾಡಿಯೇ ಯೋಚಿಸತಕ್ಕದ್ದು. ಕಿಟಕಿಯ ಕಡೆ ನೋಡುತ್ತಾ ಮಾಡಿದ ಯೋಚನೆಯನ್ನು ಗೈರುಹಾಜರಿ ಎಂದು ನಮೂದಿಸಲಾಗುವುದು. ಹುಬ್ಬು ಗಂಟಿಕ್ಕಿದ್ದು ಯೋಚನೆಗೋ ಶೌಚಕ್ಕೋ ಎಂಬುದನ್ನು ಶಾಲೆಯ ಆಯಮ್ಮ ಪರಿಶೀಲಿಸಿ ದೃಢೀಕರಿಸತಕ್ಕದ್ದು.

4. ಅನುಮೋದಿತ ಉತ್ತರಗಳು ಇನ್ನೂ ಮುದ್ರಣದಲ್ಲಿವೆ. ಅಲ್ಲಿಯವರೆಗೆ ಯಾವುದೇ ಮಗುವಿಗೆ ತಾನಾಗಿ ಉತ್ತರ ಹೊಳೆದಲ್ಲಿ ಅದನ್ನು ಮನೆಗೆ ಒಯ್ದು, ಸುರಕ್ಷಿತವಾಗಿ ಮರೆಯತಕ್ಕದ್ದು.

5. ಮಕ್ಕಳು ಪ್ರಶ್ನೆ ಕೇಳುವುದನ್ನು ಈ ಮೂಲಕ ನಿಷೇಧಿಸಿದೆ. ಹಲ್ಲು ಬಿದ್ದ ಹುಡುಗಿಯೊಬ್ಬಳು "ಅಂಕಲ್, ನೀವು ಯಾವಾಗ ಯೋಚ್ನೆ ಮಾಡ್ತೀರಾ?" ಎಂದು ಕೇಳಿದ್ದು, ಸಂಶೋಧಕರು "ಈಗ ಬೇಡಮ್ಮ, ಎಣಿಸ್ತಿದ್ದೀನಿ" ಎಂದು ಸಮಂಜಸವಾಗಿಯೇ ಉತ್ತರಿಸಿದ್ದಾರೆ. ಆದರೆ ಆ ರಾತ್ರಿಯಿಂದ ಅವರಿಗೆ ನಿದ್ರೆ ಬರುತ್ತಿಲ್ಲ. ವೈದ್ಯಕೀಯ ರಜೆ ಮಂಜೂರಾಗಿದೆ.

6. ಒಂದೇ ಪ್ರಶ್ನೆ ಕೇಳಿದ್ದೇಕೆಂದು ಶಿಕ್ಷಕಿಯನ್ನು ವಿಚಾರಿಸಲಾಗಿ, "ಮಕ್ಕಳು ಇನ್ನೂ ಅದರಲ್ಲೇ ಇದ್ರು ಸಾರ್. ನಡುವೆ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ" ಎಂದಿರುತ್ತಾರೆ. ಸದರಿ ವಿವರಣೆಯು ಪ್ರಶ್ನೆಯ ರೂಪದಲ್ಲಿ ಇಲ್ಲದ ಕಾರಣ ತಿರಸ್ಕರಿಸಲಾಗಿದೆ. ಅವರನ್ನು ಈ ಸೋಮವಾರದಿಂದಲೇ ತರಗತಿಯಿಂದ ಬಿಡುಗಡೆಗೊಳಿಸಿ, ಸೀಮೆಸುಣ್ಣ ಮತ್ತು ಪೊರಕೆಗಳ ಉಗ್ರಾಣಕ್ಕೆ ನಿಯೋಜಿಸಲಾಗಿದೆ. ಪೊರಕೆಗಳಿಗೆ ಅವರು ಎಷ್ಟು ಪ್ರಶ್ನೆಗಳನ್ನಾದರೂ ಕೇಳಬಹುದು.

7. ನೀರು ಎಲ್ಲಿಗೆ ಹೋಯಿತೆಂಬ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಅದು ಪೂರ್ವಾನುಮತಿ ಪಡೆಯದೆ ಹೋಗಿದೆ.

(ಸಹಿ ಓದಲಾಗುತ್ತಿಲ್ಲ)
ಉಪನಿರ್ದೇಶಕರ ಪರವಾಗಿ, ಅವರ ಪರವಾಗಿರುವವರ ಪರವಾಗಿ
ಪ್ರಶ್ನೆ ಮತ್ತು ಎಣಿಕೆ ವಿಭಾಗ

ಪ್ರತಿಗಳು:

ಎಲ್ಲ ಮುಖ್ಯೋಪಾಧ್ಯಾಯರಿಗೆ, ಓದಿದಂತೆ ತೋರಿಸಿಕೊಳ್ಳಲು.

ಬಡಗಿಗೆ, ಸಂಶೋಧಕರನ್ನು ಬಿಡಿಸುವಾಗ ಮುರಿದ ಪುಟಾಣಿ ಕುರ್ಚಿಯ ಸಲುವಾಗಿ.

ಉಗ್ರಾಣದ ಗುಮಾಸ್ತರಿಗೆ, ಒಂದು ಸ್ಟೂಲು ಹೆಚ್ಚುವರಿಯಾಗಿ ಒದಗಿಸಲು.

ಶಿಶುವರ್ಗದ ಮಕ್ಕಳಿಗೆ ಪ್ರತಿ ಇಲ್ಲ. ಅದೇ ಸೋಮವಾರ ಉಗ್ರಾಣದ ಬಾಗಿಲಲ್ಲಿ ಸಾಲಾಗಿ ನಿಂತು ಅವರು ಸಲ್ಲಿಸಿದ ಮನವಿಯನ್ನು ಕಡತಕ್ಕೆ ಸೇರಿಸಿದೆ: "ನಮ್ ಮಿಸ್‌ನ ವಾಪಸ್ ಕಳ್ಸಿ."