ಅಜ್ಜಿಯ ಕುಟ್ಟಾಣಿ ಮತ್ತು ನನ್ನ ಗಿಟಾರ್

ಗಿಟಾರ್ ಹಿಡಿದು ಬಂಟ್ವಾಳ ಪೇಟೆಯಲ್ಲಿ ನಡೆಯುವವನಿಗೆ ದಿನಕ್ಕೊಂದು ಅವಮಾನ ಖಾಯಂ. ಅದೃಷ್ಟ ಇದ್ದ ದಿನ ಎರಡು ಸಿಗುವುದೂ ಉಂಟು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅರವತ್ತರ ದಶಕದ ಆರಂಭದಲ್ಲಿ, ಆಗಷ್ಟೇ ಮೀಸೆ ಮೂಡಿದ್ದ ನನಗೆ, ಅದು ಚೂರೂ ಬರುತ್ತಿರಲಿಲ್ಲ.

೧. ಅಪ್ಪನ ಷರತ್ತು

ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ನಾನು ಮಂಗಳೂರಿನಿಂದ ಹಳೆಯ ಗಿಟಾರೊಂದನ್ನು ತಂದ ದಿನ ಅವರು ಅದನ್ನು ತಿರುಗಿಸಿ ನೋಡಿ, "ಇದರ ಒಳಗೆ ಎಂತ ಉಂಟು?" ಎಂದರು.

"ಏನಿಲ್ಲ ಅಪ್ಪ, ಖಾಲಿ."

"ಹಾಗಾದರೆ ನಿನಗೆ ಸರಿಯಾದ ಜೋಡಿ."

ಆದರೂ ಒಂದು ವರ್ಷದ ಗಡುವು ಕೊಟ್ಟರು. "ನೋಡು, ಮೊದಲನೇ ಸಲ ಕರೆಯುವುದು ದಾಕ್ಷಿಣ್ಯಕ್ಕೆ. ಅದೇ ಜನ ಎರಡನೇ ಸಲ ಕರೆದರೆ ಮಾತ್ರ ಅದು ವಿದ್ಯೆ. ಬರುವ ದೀಪಾವಳಿಯೊಳಗೆ ಯಾರಾದರೂ ಒಬ್ಬರು ನಿನ್ನನ್ನು ಎರಡನೇ ಸಲ ಕರೆಯಬೇಕು. ಇಲ್ಲದಿದ್ದರೆ ಇದು ಅಟ್ಟಕ್ಕೆ, ನೀನು ಅಂಗಡಿಗೆ."

ಬಟ್ಟೆ ಅಳೆಯುವ ಗಜಕೋಲು ಕಂಡರೇ ನನಗೆ ಜೀವ ಹೋದ ಹಾಗೆ ಆಗುತ್ತಿತ್ತು. ಅಪ್ಪ ಆ ಸಂಜೆಯೇ ಅಟ್ಟದಲ್ಲಿ ಜಾಗ ಮಾಡಿಸಿದರು.

೨. ಕುಟ್ಟಾಣಿ

ನನ್ನ ಶೈಲಿಗೆ ಗುರು ಅಪ್ಪನ ತಾಯಿ, ನನ್ನ ಅಜ್ಜಿ. ಬಾಯಲ್ಲಿ ಹಲ್ಲಿಲ್ಲ. ಬೆರಳುದ್ದದ, ಕೊಳವೆಯಂಥ ಹಿತ್ತಾಳೆ ಕುಟ್ಟಾಣಿಯಲ್ಲಿ ಎಲೆ ಅಡಕೆ ಕುಟ್ಟುತ್ತ, ಪ್ರಾಯದಲ್ಲಿ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನ ಹಾಡುತ್ತಿದ್ದರು. ಅವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಕೆಸರಿನಲ್ಲಿ ಕಾಲೆಳೆದ ಹಾಗೆ ಎಳೆದುಕೊಂಡು ಹೋಗುತ್ತದೆ. ಆ ಎಳೆತ ನನ್ನ ಬೆರಳಿಗೆ ಏನು ಮಾಡಿದರೂ ಬರಲಿಲ್ಲ. ಕಡೆಗೆ ಕುಟ್ಟಾಣಿಯನ್ನೇ ಕಿರುಬೆರಳಿಗೆ ಟೊಪ್ಪಿಯ ಹಾಗೆ ಹಾಕಿ ತಂತಿಯ ಮೇಲೆ ಜಾರಿಸಿದೆ. ಬಂತು ನೋಡಿ, ಅಜ್ಜಿಯದೇ ದನಿ!

ಹಿಂದೆಯೇ ನಿಜವಾದ ಅಜ್ಜಿಯೂ ಬಂದರು. "ನನ್ನ ಕುಟ್ಟಾಣಿ ಎಲ್ಲಿ?"

"ನಿಮ್ಮ ಹಾಡು ನುಡಿಸಲಿಕ್ಕೆ ಬೇಕು ಅಜ್ಜಿ. ನಿಮಗೆ ಹೊಸದು ತಂದುಕೊಡ್ತೇನೆ."

ತಂದೂ ಕೊಟ್ಟೆ. ಒಂದು ದಿನ ಕುಟ್ಟಿ ಮೂಲೆಗೆ ಎಸೆದರು. "ಅದು ನನ್ನ ತವರಿನದ್ದು. ಅದರ ರುಚಿ ಇದಕ್ಕೆಲ್ಲಿ? ಹಾಡು ಬೇಕಾದರೆ ಇಟ್ಟುಕೋ ಮಾರಾಯ. ಅಡಕೆ ಎಂತದರಲ್ಲಿ ಕುಟ್ಟುವುದು, ನಿನ್ನ ತಲೆಯಲ್ಲಿಯಾ?"

೩. ನಡುವಿನ ನಿಲ್ದಾಣ

ಮೂಡಬಿದ್ರೆಯ ಬ್ಯಾಂಡ್ ಮಾಸ್ಟರರೊಬ್ಬರು ಒಮ್ಮೆ ತಮ್ಮ ತಂಡಕ್ಕೆ ನನ್ನನ್ನು ಕರೆದಿದ್ದರು. ಸ್ವರ ಬರೆದ ನೋಟು ಪುಸ್ತಕದಲ್ಲಿ ಇಲ್ಲದಿದ್ದರೆ ಅವರು ಸೀನುತ್ತಲೂ ಇರಲಿಲ್ಲ. ನಾನು ಕುಟ್ಟಾಣಿ ಜಾರಿಸಿದ್ದೇ ಕೋಲು ಕೆಳಗಿಟ್ಟರು.

"ನೀನು ಎರಡು ಸ್ವರಗಳ ನಡುವೆ ನಿಂತಿದ್ದೀ. ಅಲ್ಲಿ ನಿಲ್ಲುವ ಹಾಗೆ ಇಲ್ಲ. ಬಸ್ಸು ಸ್ಟಾಪಿನಲ್ಲಿ ಮಾತ್ರ ನಿಲ್ಲಬೇಕು."

"ಮಾಸ್ಟ್ರೇ, ಇವತ್ತು ನಾನು ಬಂದ ಬಸ್ಸು ಕಂಡಕ್ಟರನ ಅತ್ತೆಮನೆ ಎದುರು ಕೂಡಾ ನಿಂತಿತು."

"ಅದಕ್ಕೇ ನೀನು ಅರ್ಧ ಗಂಟೆ ತಡ ಮಾಡಿ ಬಂದದ್ದು," ಎಂದು ಅವರು ಬಾಗಿಲು ತೋರಿಸಿದರು. ಎರಡನೇ ಸಲ ಕರೆಯಲಿಲ್ಲ.

೪. ಮುಂಗಡ ಅಳು

ಪುತ್ತಿಗೆಯ ಅಕ್ಕಿ ಮಿಲ್ಲಿನ ಧಣಿಗಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಗೆ ಏನಾದರೂ ಹೊಸ ನಮೂನೆ ಇರಲಿ ಎಂದು ನನ್ನನ್ನು ಕರೆಸಿದರು. ಬೆಳಿಗ್ಗೆ, ಮುಹೂರ್ತಕ್ಕೂ ಮೊದಲೇ, ನಾನು ಅಜ್ಜಿಯ ಹಾಡು ಎಳೆದೆ. ಮೊದಲು ಮದುಮಗಳ ದೊಡ್ಡಮ್ಮ ಮೂಗು ಒರೆಸಿಕೊಂಡರು. ಮತ್ತೆ ಸೋದರತ್ತೆ. ಮದುಮಗಳ ಕಾಡಿಗೆ ಗಲ್ಲಕ್ಕೆ ಇಳಿಯಿತು. ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಯಾರು ಹೋದದ್ದು?" ಎಂದು ಮೆಲ್ಲಗೆ ವಿಚಾರಿಸಿದರು.

ನಮ್ಮಲ್ಲಿ ಹುಡುಗಿಯನ್ನು ಒಪ್ಪಿಸಿಕೊಡುವಾಗ ಹೆಣ್ಣಿನ ಕಡೆಯವರು ಅಳುವುದು ಕ್ರಮ. ಅದು ಊಟವೆಲ್ಲ ಆಗಿ, ನಾಲ್ಕು ಗಂಟೆಯ ಹೊತ್ತಿಗೆ. ಅಷ್ಟರಲ್ಲಿ ಇವರ ಕಣ್ಣೀರಿನ ದಾಸ್ತಾನು ಪೂರ್ತಿ ಖಾಲಿ. ಎಲ್ಲರೂ ಒಣಗಿದ ಕಣ್ಣು ಬಿಟ್ಟುಕೊಂಡು, ಹಗುರಾಗಿ, ನಗುನಗುತ್ತಾ ಹುಡುಗಿಯನ್ನು ಕಳಿಸಿಕೊಟ್ಟರು.

ಗಂಡಿನ ತಾಯಿ ಕಾರು ಹತ್ತುವಾಗ ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. "ಹುಡುಗಿ ಹೊರಟದ್ದು ಇವರಿಗೆ ಇಷ್ಟು ಖುಷಿಯಾ? ಎಂತ ಐಬು ಉಂಟೋ ಏನೋ!"

೫. ಅಮೆರಿಕದ ಸಾಕ್ಷಿ

ಬೆಳ್ತಂಗಡಿಯಲ್ಲಿ ಕೋಳಿ ಸಾಕಣೆಯ ಬಗ್ಗೆ ಒಂದು ಸಭೆ. ಕಲಿಸಲು ಬಂದವನು ಅಮೆರಿಕದ ಯುವಕ. ಜನ ಸೇರಲಿ ಎಂದು ನನ್ನನ್ನು ಕೂರಿಸಿದ್ದರು. ಕುಟ್ಟಾಣಿಯ ದನಿ ಕೇಳಿದ್ದೇ ಆತ ಕೋಳಿಯನ್ನು ಕೈಬಿಟ್ಟು ಎದ್ದು ನಿಂತ. ನಾನು ಬಿಡಲಿಲ್ಲ, ಸಾಕ್ಷಿ ಹೇಳಿಸಲು ಮನೆಗೇ ಕರೆತಂದೆ.

ಆತ ತನಗೆ ಬರುವ ಕನ್ನಡದಲ್ಲಿ ಅಪ್ಪನಿಗೆ ಹೇಳಿದ: "ನಮ್ಮ ದೇಶದ ದಕ್ಷಿಣದಲ್ಲಿ ಹತ್ತಿ ಹೊಲದ ಜನರು ಹೀಗೆಯೇ ನುಡಿಸುತ್ತಾರೆ. ಅದರ ಹೆಸರು ಬ್ಲೂಸ್. ಅವರು ಬಾಟಲಿಯ ಕುತ್ತಿಗೆ ಒಡೆದು ಬೆರಳಿಗೆ ಹಾಕುತ್ತಾರೆ."

ನನಗೆ ಎದೆ ಉಬ್ಬಿತು. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರ ಹಾಡು ಎಲ್ಲ ಕಡೆ ಒಂದೇ ಅಲ್ಲವೇ! ಅಪ್ಪ ಕೂಡ ಸ್ವಲ್ಪ ಮೆತ್ತಗಾದ ಹಾಗೆ ಕಂಡಿತು.

ಒಳಗಿನಿಂದ ಅಜ್ಜಿ ಹೇಳಿದರು: "ಕೇಳಿತಾ? ಅಲ್ಲಿಯವರು ಬಾಟಲಿ ಒಡೆಯುವುದಂತೆ. ಅಜ್ಜಿಯಂದಿರ ಕುಟ್ಟಾಣಿಗೆ ಕೈ ಹಾಕುವುದಿಲ್ಲ."

೬. ಎರಡನೇ ಕರೆ

ಆ ಅಮೆರಿಕದವನಿಗೆ ಬೇರೆ ಊರಿಗೆ ವರ್ಗವಾಯಿತು, ಅಲ್ಲಿಂದ ಎರಡನೇ ಕರೆ ಬರುವ ಆಸೆಯೂ ಹೋಯಿತು. ದೀಪಾವಳಿಗೆ ಒಂದು ವಾರ ಉಳಿದಿತ್ತು. ಅಪ್ಪ ನನಗೆಂದು ಹೊಸ ಗಜಕೋಲನ್ನೇ ತರಿಸಿಟ್ಟಿದ್ದರು. ಆಗ ಪುತ್ತಿಗೆಯ ಧಣಿಗಳು ಅಂಗಡಿಗೆ ಬಂದರು. ಬೈಯಲಿಕ್ಕೇ ಬಂದದ್ದು ಎಂದು ನಾನು ಬಟ್ಟೆಯ ಥಾನುಗಳ ಹಿಂದೆ ಅಡಗಿದೆ.

"ಎರಡನೆಯವಳ ಮದುವೆ ಉಂಟು. ನಿಮ್ಮ ಮಗ ಬರಬೇಕು," ಎಂದರು.

ಅಪ್ಪನ ಕತ್ತರಿ ನಿಂತಿತು. "ಇವನಾ? ಹೋದ ಸಲ ಮಾಡಿದ್ದು ಸಾಲದಾ?"

"ಅದಕ್ಕೇ ಮಾರಾಯ್ರೇ! ಇವಳದ್ದು ಭಾರೀ ಬಾಯಿ. ಮದುವೆ ನಿಶ್ಚಯ ಆದಂದಿನಿಂದ ಮನೆಯಲ್ಲಿ ಎಲ್ಲರೂ ನಗುತ್ತಾ ಇದ್ದಾರೆ. ಒಪ್ಪಿಸಿಕೊಡುವಾಗ ಯಾರೂ ಅಳದಿದ್ದರೆ ಮತ್ತೊಮ್ಮೆ ಮರ್ಯಾದೆ ಹೋಗ್ತದೆ. ಆದರೆ ಬೆಳಿಗ್ಗೆ ಬೇಡ. ಸರಿಯಾಗಿ ನಾಲ್ಕು ಗಂಟೆಗೆ ಶುರು ಮಾಡಲಿ."

ಮದುವೆಗೆ ನಾವು ಮನೆಮಂದಿ ಎಲ್ಲ ಹೋದೆವು. ನಾಲ್ಕು ಗಂಟೆಗೆ ನಾನು ತಂತಿಯ ಮೇಲೆ ಕುಟ್ಟಾಣಿ ಇಟ್ಟೆ. ಹೆಣ್ಣಿನ ಕಡೆಯವರು ಅತ್ತರು. ಗಂಡಿನ ಕಡೆಯವರೂ ಅತ್ತರು. ಕಾರಿನ ಡ್ರೈವರ್ ಸ್ಟಿಯರಿಂಗಿಗೆ ತಲೆ ಇಟ್ಟ. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವರು ಯಾರೆಂದು ನೋಡಿದರೆ ನನ್ನ ಅಪ್ಪ! ಚಿಕ್ಕಂದಿನಲ್ಲಿ, ತಮ್ಮ ಅಮ್ಮ ನೇಜಿ ನೆಡುವಾಗ, ಗದ್ದೆ ಬದಿಯ ಹುಣಿಯಲ್ಲಿ ಕೂತು ಅವರು ಕೇಳಿದ ಹಾಡಲ್ಲವೇ ಅದು. ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು, "ಗಿಟಾರ್ ಅಟ್ಟಕ್ಕೆ ಬೇಡ," ಎಂದರು. ನನಗೂ ಕಣ್ಣು ತುಂಬಿ ಬಂತು.

ಇಡೀ ಚಪ್ಪರದಲ್ಲಿ ಕಣ್ಣು ಒಣಗಿದ್ದದ್ದು ಅಜ್ಜಿಯದ್ದು ಮಾತ್ರ.

"ನಿಮ್ಮದೇ ಹಾಡು ಅಜ್ಜಿ. ನಿಮಗೆ ಅಳು ಬರಲಿಲ್ಲವಾ?" ಎಂದು ಕೇಳಿದೆ.

ಅಜ್ಜಿ ನನ್ನ ಕಿರುಬೆರಳನ್ನೇ ನೋಡುತ್ತಾ ಹೇಳಿದರು: "ಈ ಕುಟ್ಟಾಣಿಗಾಗಿ ಒಂದು ವರ್ಷ ನಾನೊಬ್ಬಳೇ ಅತ್ತಿದ್ದೇನೆ, ಯಾರಿಗೂ ಕೇಳಲಿಲ್ಲ. ಈಗ ಊರಿಡೀ ಅಳಲಿ. ನನ್ನ ಪಾಲಿನದ್ದು ನಾನು ಮೊದಲೇ ಮುಗಿಸಿ ಆಗಿದೆ."