ಒಂಟಿ ಮೀನಿಗೊಂದು ಜೋಡಿ

ಇದು ಹಳದಿಯೋ, ಹಸಿರೋ? ಹಳದಿಯಾದರೆ ಇವತ್ತೇ ಇನ್ನೊಂದು ಮೀನು ತಂದು ಬಿಡಬಹುದು. ಹಸಿರಾದರೆ ನೀರಿನಲ್ಲಿ ಇನ್ನೂ ವಿಷವಿದೆ, ಕಾಯಬೇಕು. ಆದರೆ ಕಿಟಕಿಯಾಚೆಯ ಬೇವಿನ ನೆರಳು ಬಿದ್ದು ಹಳದಿಯೇ ಹಸಿರಾಗಿ ಕಾಣುತ್ತಿದ್ದರೆ? ಅಥವಾ ಪರೀಕ್ಷೆಯ ಔಷಧವೇ ಹಳತಾಗಿದ್ದರೆ?

ಅಕ್ಕಲಕೋಟೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಗುಮಾಸ್ತನಾಗಿದ್ದ ಗುರುಸಿದ್ಧ, ಬೆರಳುದ್ದದ ಗಾಜಿನ ನಳಿಗೆ ಹಿಡಿದು ಕಾಲು ಗಂಟೆಯಿಂದ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದ. ಸಮುದ್ರವನ್ನು ಒಮ್ಮೆಯೂ ಕಾಣದ ಅವನು ಎರಡು ತಿಂಗಳ ಹಿಂದೆ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪು ಕಲಸಿ, ತನ್ನದೇ ಒಂದು ಸಮುದ್ರ ಮಾಡಿಕೊಂಡಿದ್ದ. ಅವಸರಪಟ್ಟು ಮೊದಲ ವಾರವೇ ಬಿಟ್ಟ ಮೂರು ಮೀನುಗಳಲ್ಲಿ ಎರಡು ಸತ್ತವು. ಅವನ್ನು ಬೇವಿನ ಬುಡದಲ್ಲಿ ಹೂಳಿದ ದಿನ, ನೀರು ಹಸನಾಗುವ ತನಕ ಇನ್ನೊಂದು ಜೀವವನ್ನು ಇದರೊಳಗೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ್ದ.

ಉಳಿದದ್ದು ಬಿಳಿ ಪಟ್ಟೆಯ ಕೇಸರಿ ಮೀನೊಂದು. ವರ್ಗವಾಗಿ ಬಂದ ಮಾಸ್ತರ ಮೊದಲ ದಿನ ಸಾಲೆಯಲ್ಲಿ ನಿಲ್ಲುವಂತೆ ಅದು ಮೂಲೆಯಲ್ಲಿ ನಿಂತಿರುತ್ತಿತ್ತು. ಅದರ ಮೌನ ಗುರುಸಿದ್ಧನಿಗೆ ತಿಳಿಯುತ್ತಿತ್ತು. ಓಣಿಗೆ ತಿಳಿಯುತ್ತಿರಲಿಲ್ಲ.

ಅಂದು ಗುರುವಾರ. ಗುಡಿಯಲ್ಲಿ ಸ್ವಾಮಿಗಳ ದರ್ಶನ ಮುಗಿಸಿಕೊಂಡು ಬಂದ ಪಕ್ಕದ ಮನೆಯ ಶಂಕರೆಪ್ಪ, ವಾರದ ಪದ್ಧತಿಯಂತೆ ಒಂದು ಮುಷ್ಟಿ ಚುರುಮುರಿ ತೊಟ್ಟಿಗೆ ಎಸೆದು ಕೈ ಮುಗಿದರು.

"ಕಾಕಾ, ಹಾಕಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ? ನೀರ ಕೆಡತೈತಿ."

"ಕೆರೀ ಮೀನಿಗೆ ಊರಿಗೆ ಊರೇ ಹಾಕತೈತಿ. ನಿನ್ನ ಮೀನೇನ ಸಾಹೇಬಾ? ಪುಣ್ಯಾದ ಕೆಲಸಕ್ಕ ಅಡ್ಡ ಬರಬ್ಯಾಡ."

ಅವರ ಹಿಂದೆಯೇ ಎದುರು ಮನೆಯ ನೀಲಗಂಗಾ ಇಣುಕಿದಳು. "ಅಣ್ಣಾ, ಈ ಮೀನ ತಿನ್ನಾಂಗಿಲ್ಲ ಅಂತೀರಿ. ಮತ್ತ ಉಪ್ಪ ಯಾಕ ಹಾಕೀರಿ?"

ಒಳಗಿನಿಂದ ಗುರುಸಿದ್ಧನ ತಾಯಿ ತುಳಜಾಬಾಯಿಯ ದನಿ ಬಂತು. "ಅವನ್ನ ಏನ ಕೇಳ್ತೀ ತಂಗಿ! ಮೂವತ್ತಾರು ತುಂಬಿದ್ವು, ತಾನೂ ಒಂಟಿ, ಮೀನೂ ಒಂಟಿ. ಕನ್ಯಾ ನೋಡೋ ಅಂದ್ರ ಇನ್ನೊಂದ ವಾರ ತಡಿ ಅವ್ವಾ ಅಂತಾನ. ಮೀನಿಗೂ ಅದೇ ಮಾತ."

ಗುರುಸಿದ್ಧ ನಳಿಗೆಯನ್ನು ಕೆಳಗಿಟ್ಟ. ಸಾಕು. ಸೋಲಾಪುರದ ಸಾಕುಮೀನಿನ ಅಂಗಡಿಯಲ್ಲಿ ನೀರು ತೋರಿಸುವುದು. ಹಳದಿ ಬಂದರೆ ಮೀನು, ಹಸಿರು ಬಂದರೆ ಬರಿಗೈ. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ, ಚೀಲದಲ್ಲಿಟ್ಟು, ಸ್ನಾನಕ್ಕೆ ಹೋದ.

ಬಸ್ಸು ಬಾಣಲೆಯಂತೆ ಕಾದಿತ್ತು. ವಳಸಂಗ ದಾಟುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿತು. ತೊಡೆಯ ಮೇಲಿನ ಚೀಲದಲ್ಲಿ ಬಾಟಲಿ ಇತ್ತು. ಆದರೆ ಅದು ಪರೀಕ್ಷೆಯ ನೀರು. ಒಂದು ಜೀವದ ತೀರ್ಮಾನ ಅದರೊಳಗಿತ್ತು. ಅವನು ಉಗುಳು ನುಂಗಿಕೊಂಡ.

ಅಂಗಡಿಯ ಶೈಲೇಶ ನೀರಿಗೆ ಔಷಧದ ಹನಿ ಹಾಕಿ, ಅಲುಗಿಸಿ, ಬೆಳಕಿಗೆ ಹಿಡಿದ. ಹಳದಿ. ಲಿಂಬೆಹಣ್ಣಿನ ಹಳದಿ.

"ಏಕದಮ್ ಸ್ವಚ್ಛ, ಸರ್! ಇಂಥಾ ನೀರ ನಾ ನೋಡೇ ಇಲ್ಲ."

"ಉಪ್ಪಿನ ಮಾಪ ನೋಡಂಗಿಲ್ಲೇನ್ರಿ?"

"ಆ ಯಂತ್ರ ರಿಪೇರಿಗೆ ಹೋಗ್ಯಾದ್ರಿ. ಉಪ್ಪ ನೀವೇ ತೂಗಿ ಹಾಕೀರಿ, ಅದ್ರಾಗೇನ ನೋಡೂದು? ಬಿನ್‌ಧಾಸ್ತ, ಚಿಂತಿ ಬಿಟ್ಟ ಒಯ್ರಿ."

ಎರಡು ತಿಂಗಳಲ್ಲಿ ಮೊದಲ ಸಲ ಗುರುಸಿದ್ಧ ನಕ್ಕ. ಹಾಗಾದರೆ ಮನೆಯ ಔಷಧವೇ ಹಳತು!

ತಿರುಗಿ ಬರುವಾಗ ಮೀನಿನ ಪ್ಲಾಸ್ಟಿಕ್ ಚೀಲವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಕೂತ. ಪಕ್ಕದಲ್ಲಿದ್ದ ಮುದುಕಿ ಬಗ್ಗಿ ನೋಡಿ, "ಇಷ್ಟ ಸಣ್ಣದರಾಗ ಸಾರ ಆಗತೈತೇನೋ ತಮ್ಮಾ?" ಎಂದಳು. ಅವನು ಕಿಟಕಿಯ ಕಡೆ ತಿರುಗಿದ.

ಸಂಜೆ ಪಡಸಾಲೆಯಲ್ಲಿ ಓಣಿಯೇ ನೆರೆದಿತ್ತು. ಮೀನನ್ನು ಚೀಲದ ಸಮೇತ ಒಂದು ತಾಸು ತೇಲಿಸಿ, ಅದಕ್ಕೆ ಹೊಸ ನೀರಿನ ರೂಢಿ ಮಾಡಿಸಿ, ಮೆಲ್ಲಗೆ ಬಿಟ್ಟ. ಹಳೆಯ ಮೀನು ಮೂಲೆ ಬಿಟ್ಟು ಹೊರಬಂತು. ಎರಡೂ ಒಂದರ ಪಕ್ಕ ಒಂದು ನಿಂತವು. ಚಪ್ಪಾಳೆ ಬಿತ್ತು. ಶಂಕರೆಪ್ಪ ಸಂತೋಷಕ್ಕೆ ಎರಡು ಮುಷ್ಟಿ ಚುರುಮುರಿ ಎಸೆದರು.

ತುಳಜಾಬಾಯಿ ಮಗನ ಚೀಲದಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. "ಅಯ್ಯ, ನೀರ ಹಂಗೇ ಐತಲ್ಲೋ!" ಎಂದವಳೇ ಮುಚ್ಚಳ ತಿರುವಿ, ಗಟಗಟ ಕುಡಿಯತೊಡಗಿದಳು.

"ಅವ್ವಾ! ಅದು ಉಪ್ಪನೀರ! ಕುಡೀಬ್ಯಾಡ!"

ತುಳಜಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಉಪ್ಪನೀರ ಮುಂಜಾನೇನ ಚೆಲ್ಲೀನಿ. ನೀ ಸ್ನಾನಕ್ಕ ಹೋದಾಗ ನೋಡಿದ್ರ ಬಾಟಲಿಗೆ ಆ ಹೊಲಸ ನೀರ ತುಂಬಿ ಇಟ್ಟಿದ್ದಿ. ಬಿಸಲಾಗ ಹೊಂಟ ಮಗಾ, ಬಾಯಿ ಒಣಗತೈತಿ ಅಂತ ತೊಳದು ಗಡಗೀ ನೀರ ತುಂಬಿದ್ನಿ. ಕುಡದೇ ಇಲ್ಲಲ್ಲೋ ಹುಚ್ಚಾ!"

ಗುರುಸಿದ್ಧ ತೊಟ್ಟಿಯ ಕಡೆ ಓಡಿದ. ನಳಿಗೆಗೆ ತೊಟ್ಟಿಯ ನೀರು ತುಂಬಿ, ಹನಿ ಹಾಕಿ ನಿಂತ. ಬೆಳಗಿನದಕ್ಕಿಂತ ಗಾಢವಾದ ಬಣ್ಣ ಮೆಲ್ಲಗೆ ಏರಿ ಬಂತು.

"ಹಸರ ಬಣ್ಣ!" ನೀಲಗಂಗಾ ಕೈಬಳೆ ಆಡಿಸಿ ತೋರಿಸಿದಳು. "ಮದುವಿ ಬಳಿ ಬಣ್ಣ ಬಂತ ನೋಡ್ರಿ!"

"ಶುಭ ಆತು," ಎಂದರು ಶಂಕರೆಪ್ಪ. "ಮೀನಿಂದು ಮುಗೀತು. ಆಯಿತವಾರ ಕುರನೂರಿಗೆ ಕನ್ಯಾ ನೋಡಾಕ ಹೋಗೂಣು. ಏನಂತೀ?"

ಎಲ್ಲರೂ ಅವನ ಬಾಯನ್ನೇ ನೋಡಿದರು. ಗಾಜಿನಾಚೆ ಹೊಸ ಮೀನು ಹೆದರಿಕೆ ಬಿಟ್ಟು ಚುರುಮುರಿಯ ಕಾಳೊಂದನ್ನು ಮೂಸುತ್ತಿತ್ತು.

ತಾನು ಸೋಲಾಪುರಕ್ಕೆ ಹೊತ್ತು ಪರೀಕ್ಷೆ ಮಾಡಿಸಿಕೊಂಡು ಬಂದದ್ದು ಅವ್ವನ ಗಡಿಗೆಯ ನೀರನ್ನು ಎಂದು ಗುರುಸಿದ್ಧ ಯಾರಿಗೂ ಹೇಳಲಿಲ್ಲ.